ಗಲ್ಲು ಅಂದ ಮೇಲೆ ಕೇಸು ಮುಗೀತಾ?

2017ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಒಬ್ಬ ಹೆಂಡತಿಯ ಮೇಲೆ ಸಂಶಯಪಟ್ಟು ಅವಳನ್ನು, ನಾದಿನಿಯನ್ನು, ಮೂವರು ಎಳೆ ಮಕ್ಕಳನ್ನು ಮಚ್ಚಿನಿಂದ ಕೊಂದ. 2019ರಲ್ಲಿ ಇಲ್ಲಿನ ಸೆಷನ್ಸ್ ಕೋರ್ಟು ಗಲ್ಲು ವಿಧಿಸಿತು. 2023ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದನ್ನೇ ಖಾಯಂ ಮಾಡಿತು. 2025ರಲ್ಲಿ ಸುಪ್ರೀಂ ಕೋರ್ಟು ಅಪರಾಧ ಸಾಬೀತು ಅನ್ನೋದನ್ನು ಎತ್ತಿಹಿಡಿದು ಗಲ್ಲು ಮಾತ್ರ ತೆಗೆಯಿತು. ಸಾಯೋವರೆಗೂ ಜೈಲು, ರಿಯಾಯಿತಿ ಇಲ್ಲ ಅಂದಿತು.

'ಅಷ್ಟು ಜನರನ್ನ ಕೊಂದವನಿಗೆ ಜೈಲಿನಾಗ ಅನ್ನ ಹಾಕೋದಾ?' ಅಂತ ಕಕ್ಷಿದಾರರು ನನ್ನನ್ನೇ ಕೇಳುತ್ತಾರೆ. ಸಿಟ್ಟು ಅರ್ಥವಾಗುತ್ತದೆ. ಆದರೂ ಕ್ರಿಮಿನಲ್ ಕೇಸು ನಡೆಸುವ ನಾನು ಗಲ್ಲಿನ ಪರ ಇಲ್ಲ. ಕೊಂದವರ ಮೇಲಿನ ಕನಿಕರಕ್ಕಲ್ಲ. ಗಲ್ಲು ತೀರ್ಪು ಸತ್ತವರ ಮನೆಯವರನ್ನು ಮತ್ತೆ ವರ್ಷಗಟ್ಟಲೆ ಕಾಯಿಸುತ್ತದೆ ಅನ್ನೋದಕ್ಕೆ.

ಸೆಷನ್ಸ್ ಜಡ್ಜ್ ಗಲ್ಲು ಬರೆದರೂ ಹೈಕೋರ್ಟು ಒಪ್ಪುವ ತನಕ ಅದು ಜಾರಿಯಾಗುವುದಿಲ್ಲ. ಅಪೀಲು ಹಾಕದಿದ್ದರೂ ಫೈಲು ಅಲ್ಲಿಗೆ ಹೋಗಲೇಬೇಕು. ಆಮೇಲೆ ಸುಪ್ರೀಂ ಕೋರ್ಟು, ರಾಜ್ಯಪಾಲರು, ರಾಷ್ಟ್ರಪತಿ. ಕ್ಷಮಾದಾನದ ಅರ್ಜಿ ವಿನಾಕಾರಣ ತಡವಾದರೂ ಗಲ್ಲು ತಪ್ಪಬಹುದು ಅಂತ 2014ರಲ್ಲೇ ತೀರ್ಪಾಗಿದೆ.

1980ರ ಬಚ್ಚನ್ ಸಿಂಗ್ ಕೇಸಿನಿಂದ 'ಅಪರೂಪದಲ್ಲಿ ಅಪರೂಪ'ದ ಕೇಸಿಗೆ ಮಾತ್ರ ಗಲ್ಲು. ಇದನ್ನು ಅಳೆಯುವ ಹೊತ್ತನ್ನು ನೀವು ನೋಡಬೇಕು. ಅಪರಾಧ ಸಾಬೀತು ಅಂದ ಮೇಲೆ ಶಿಕ್ಷೆಯ ಬಗ್ಗೆ ಬೇರೆಯೇ ವಿಚಾರಣೆ ಆಗುತ್ತದೆ. 'ಏನಾದರೂ ಹೇಳೋದಿದೆಯಾ?' ಅಂತ ಜಡ್ಜ್ ಕೇಳುತ್ತಾರೆ. ಕಟಕಟೆಯಲ್ಲಿದ್ದವನು ಕೈ ಮುಗಿದು 'ಮನಿಯಾಗ ವಯಸ್ಸಾದ ತಾಯಿ ಅದಾಳ್ರೀ' ಅನ್ನುತ್ತಾನೆ. ಟೈಪಿಸ್ಟ್ ಅದನ್ನು ಒಂದು ಸಾಲಿಗೆ ಇಳಿಸುತ್ತಾರೆ. ವಕೀಲರದ್ದು ಇನ್ನೆರಡು ಸಾಲು. ಬಹಳ ಕಾಲ ಇಷ್ಟರಲ್ಲೇ ಮುಗಿಯುತ್ತಿತ್ತು! ಅವನ ಬಾಲ್ಯ, ಮಾನಸಿಕ ಸ್ಥಿತಿ, ಜೈಲಿನ ನಡತೆಯ ವರದಿ ತರಿಸಲೇಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ.

ರಿಯಾಯಿತಿ ಇಲ್ಲದ ಜೀವಾವಧಿ ಕಡಿಮೆ ಶಿಕ್ಷೆ ಏನಲ್ಲ. ಮಾಮೂಲಿ ಜೀವಾವಧಿಯಲ್ಲಿ 14 ವರ್ಷದ ಮೇಲೆ ಬಿಡುಗಡೆಗೆ ಅರ್ಜಿ ಹಾಕಬಹುದು. ಇದರಲ್ಲಿ ಆ ಬಾಗಿಲೂ ಇಲ್ಲ. ಈ ದಾರಿ ತೋರಿಸಿದ್ದು ಕರ್ನಾಟಕದ್ದೇ ಕೇಸು, 2008ರ ಶ್ರದ್ಧಾನಂದ ತೀರ್ಪು.

ನನಗೆ ಜಾಸ್ತಿ ಚಿಂತೆ ಬೇರೆಯದು, ಸಾಕ್ಷಿಗಳದ್ದು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ದಾಳಿ ನಡೆದದ್ದು 2014ರಲ್ಲಿ. ಕೊಪ್ಪಳ ಕೋರ್ಟು 98 ಜನರಿಗೆ ಜೀವಾವಧಿ ಕೊಟ್ಟಿದ್ದು 2024ರಲ್ಲಿ. ಹತ್ತು ವರ್ಷ ಅದೇ ಊರಲ್ಲಿ, ಅದೇ ಜನರ ನಡುವೆ ಬದುಕಿ ಸಾಕ್ಷಿ ಹೇಳೋದು ಸುಮ್ನೆ ಅಲ್ಲ, ಅಲ್ವಾ? ಕೊಲೆ ಕೇಸಿನಲ್ಲಿ ಪಂಚರು, ಅಂದರೆ ಪೊಲೀಸರ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರು, 'ಪೊಲೀಸರು ಸಹಿ ಹಾಕು ಅಂದ್ರು, ಹಾಕಿದೆ' ಅಂದುಬಿಟ್ಟರೆ ಗಲ್ಲಿನ ಮಾತು ಹಾಗಿರಲಿ, ಆರೋಪಿ ಮನೆಗೇ ಹೋಗಬಹುದು.

2018ರ ಸಾಕ್ಷಿ ರಕ್ಷಣೆ ಯೋಜನೆ ಇರುವುದು ಇದಕ್ಕೇ. ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಕೊಟ್ಟರೆ ಬೆದರಿಕೆ ಎಷ್ಟಿದೆ ಅಂತ ಪೊಲೀಸರಿಂದ ವರದಿ ತರಿಸಿ ರಕ್ಷಣೆಗೆ ಆದೇಶ ಮಾಡುತ್ತಾರೆ. ಗಲ್ಲು ಬೇಕು ಅಂತ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಬರೆಸುವುದು ಈ ಅರ್ಜಿಯನ್ನೇ.