ಓದುಗರ ಪ್ರಶ್ನೆ: 1991ರ ಯುರೋಪಿಯನ್ ಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಕ್ಲಬ್ ಗೋಲಿಗಾಗಿ ಯಾಕೆ ಆಡಲೇ ಇಲ್ಲ?

ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆಯೂ ಹೌದು. ಆ ಸೀಸನ್‌ನ ಯುಗೊಸ್ಲಾವಿಯಾ ಲೀಗ್‌ನಲ್ಲಿ ರೆಡ್ ಸ್ಟಾರ್‌ನ ಪಾಂಚೆವ್ ಒಬ್ಬರೇ 34 ಗೋಲು ಹೊಡೆದಿದ್ದರು. ಜೊತೆಗೆ ಸಾವಿಚೆವಿಚ್, ಪ್ರೊಸಿನೆಚ್ಕಿ ಇದ್ದರು. ಮ್ಯೂನಿಕ್‌ಗೇ ಹೋಗಿ ಜರ್ಮನಿಯ ಬಾಯರ್ನ್ ತಂಡವನ್ನು 2-1ರಲ್ಲಿ ಸೋಲಿಸಿ ಬಂದಿದ್ದರು. ಅಂಥವರು ಮೇ 29ರಂದು ಯುರೋಪಿನ ಕ್ಲಬ್ ಚಾಂಪಿಯನ್ನರ ಟೂರ್ನಿಯಾದ ಯುರೋಪಿಯನ್ ಕಪ್ ಫೈನಲ್‌ನಲ್ಲಿ, ಇಟಲಿಯ ಬಾರಿ ನಗರದಲ್ಲಿ, ಫ್ರಾನ್ಸ್‌ನ ಮಾರ್ಸೇಲ್ ಎದುರು 120 ನಿಮಿಷ ಬರೀ ತಮ್ಮ ಗೋಲುಪೆಟ್ಟಿಗೆ ಕಾಯುತ್ತಾ ನಿಂತರು ಅಂದರೆ ಬೇಜಾರಾಗುತ್ತದೆ, ಅಲ್ವಾ?

ಆದರೆ ಅದು ಹೆದರಿಕೆಯಲ್ಲ, ಲೆಕ್ಕಾಚಾರ. ಪಂದ್ಯವನ್ನು ಸಮವಾಗಿಟ್ಟು ಪೆನಾಲ್ಟಿವರೆಗೆ (ಎರಡೂ ತಂಡ ಐದೈದು ಸಲ ಗೋಲ್‌ಕೀಪರ್ ಒಬ್ಬನ ಎದುರು ಚೆಂಡು ಒದ್ದು ಗೆಲುವು ತೀರ್ಮಾನಿಸುವುದು) ಎಳೆದರೆ ಕಪ್ ನಮ್ಮದೇ ಅನ್ನೋ ಧೈರ್ಯ ಅವರಿಗಿತ್ತು. ನನ್ನ ಪ್ರಕಾರ ಆ ಧೈರ್ಯ ಕೊಟ್ಟಿದ್ದು ಅವರ ಲೀಗ್.

1988-89ರಿಂದ ಅಲ್ಲಿ ಬೇರೆಯೇ ನಿಯಮ. ಗೆದ್ದರೆ 2 ಅಂಕ. ಡ್ರಾ ಆದರೆ ಸುಮ್ನೆ ಒಂದೊಂದು ಅಂಕ ಹಂಚಿಕೊಂಡು ಮನೆಗೆ ಹೋಗುವ ಹಾಗಿಲ್ಲ. ಅಲ್ಲೇ ಪೆನಾಲ್ಟಿ ಹೊಡೆಯಬೇಕು, ಅದರಲ್ಲಿ ಗೆದ್ದವರಿಗೆ 1 ಅಂಕ, ಸೋತವರಿಗೆ ಸೊನ್ನೆ. ಅಂದರೆ ಬೇರೆ ದೇಶಗಳ ಆಟಗಾರರು ಯಾವಾಗಲೋ ಒಮ್ಮೆ ಎದುರಿಸುವ ಪರೀಕ್ಷೆ ಇವರಿಗೆ ಮಾಮೂಲಿ ಪಂದ್ಯದ ಭಾಗವೇ ಆಗಿತ್ತು, ಕಾಲು ನಡುಗುವುದು, ಗೋಲ್‌ಕೀಪರ್ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ತುಂಬಿದ ಸ್ಟೇಡಿಯಂ ಕೂಗುವುದು ಎಲ್ಲವೂ. ಆದರೆ ಈ ಅಭ್ಯಾಸ ಇನ್ನೂ ಹೊಸದಾಗಿದ್ದಾಗ, ನಿಯಮ ಬಂದ ಮೊದಲ ಸೀಸನ್‌ನಲ್ಲೇ, 1988ರ ನವೆಂಬರ್‌ನಲ್ಲಿ, ಇದೇ ರೆಡ್ ಸ್ಟಾರ್ ಯುರೋಪಿಯನ್ ಕಪ್‌ನಲ್ಲಿ ಇಟಲಿಯ ಮಿಲಾನ್ ಎದುರು ಪೆನಾಲ್ಟಿಯಲ್ಲಿ ಸೋತಿತ್ತು. ಆಗ ಸಾವಿಚೆವಿಚ್ ಹೊಡೆದದ್ದೂ ಗೋಲಾಗಿರಲಿಲ್ಲ.

ಬಾರಿಯಲ್ಲಿ ಕೋಚ್ ಪೆಟ್ರೊವಿಚ್, ಚೆಂಡು ಸಿಕ್ಕರೆ ಎದುರಾಳಿಗೇ ವಾಪಸ್ ಕೊಡಿ ಎಂದಿದ್ದರು ಅಂತ ರೆಡ್ ಸ್ಟಾರ್ ಆಟಗಾರ ಮಿಹಾಯ್ಲೊವಿಚ್ ಆಮೇಲೆ ಹೇಳಿದ್ದರು. ತಾವು ಮುಂದೆ ನುಗ್ಗಿ ಚೆಂಡು ಕಳೆದುಕೊಂಡ ಹೊತ್ತಲ್ಲಿ ಮಾರ್ಸೇಲ್‌ನ ಪಾಪಾನ್, ವಾಡ್ಲ್ ಓಡಿಬಿಟ್ಟರೆ ಹಿಡಿಯೋದು ಕಷ್ಟ. ಕೊನೆಗೆ ಪೆನಾಲ್ಟಿ ಬಂತು. ಮಾರ್ಸೇಲ್‌ನ ಮೊದಲನೆಯದನ್ನೇ, ಅಮೊರೊಸ್ ಹೊಡೆದದ್ದನ್ನು, ರೆಡ್ ಸ್ಟಾರ್ ಗೋಲ್‌ಕೀಪರ್ ಸ್ಟೊಯನೊವಿಚ್ ತಡೆದರು. ರೆಡ್ ಸ್ಟಾರ್‌ನವರು ಐದಕ್ಕೆ ಐದೂ ಹೊಡೆದರು. ಕೊನೆಯದು ಪಾಂಚೆವ್‌ರದ್ದು, 5-3. ಹಿಂದಿನ ವರ್ಷವಷ್ಟೇ ರೆಡ್ ಸ್ಟಾರ್ ಬಿಟ್ಟು ಮಾರ್ಸೇಲ್ ಸೇರಿದ್ದ ಸ್ಟೊಯ್ಕೊವಿಚ್ ಹಳೇ ತಂಡದ ವಿರುದ್ಧ ಪೆನಾಲ್ಟಿ ಹೊಡೆಯಲು ಒಪ್ಪಲಿಲ್ಲ. ಆ ರಾತ್ರಿಯಲ್ಲಿ ನನಗೆ ಜಾಸ್ತಿ ಕಾಡುವುದು ಅದೇ.

ಆ ಸೀಸನ್‌ನ ಲೀಗ್ ಕೂಡ ರೆಡ್ ಸ್ಟಾರ್‌ಗೇ, ಎರಡನೇ ಸ್ಥಾನ ಡಿನಾಮೊ ಜಾಗ್ರೆಬ್‌ಗೆ. ಫೈನಲ್ ಮುಗಿದು ತಿಂಗಳೂ ಆಗಿರಲಿಲ್ಲ, ಜೂನ್ 25ಕ್ಕೆ ಸ್ಲೊವೇನಿಯಾ, ಕ್ರೊಯೇಷಿಯಾ ಯುಗೊಸ್ಲಾವಿಯಾದಿಂದ ಸ್ವತಂತ್ರವೆಂದು ಘೋಷಿಸಿಕೊಂಡವು. ಮುಂದಿನ ಸೀಸನ್‌ನ ಲೀಗ್ ಪಟ್ಟಿಯಲ್ಲಿ ಕ್ರೊಯೇಷಿಯಾದ ಡಿನಾಮೊ ಇಲ್ಲ, ಹಾಯ್ದುಕ್ ಇಲ್ಲ, ಸ್ಲೊವೇನಿಯಾದ ಲುಬ್ಲಿಯಾನಾದ ಒಲಿಂಪಿಯಾ ಇಲ್ಲ. ಪ್ರೊಸಿನೆಚ್ಕಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಯುದ್ಧದ ಕಾರಣ ಯುರೋಪಿನ ಚಾಂಪಿಯನ್ ತಂಡ ತನ್ನ ತವರಿನ ಯುರೋಪಿಯನ್ ಪಂದ್ಯಗಳನ್ನು ಬೆಲ್‌ಗ್ರೇಡ್ ಬಿಟ್ಟು ಹಂಗೇರಿಯಲ್ಲಿ, ಬಲ್ಗೇರಿಯಾದಲ್ಲಿ ಆಡಿತು.