ಪದ ಪರಿಚಯ: ಟ್ರಸ್ ರಾಡ್

ಹೊಸ ಎಲೆಕ್ಟ್ರಿಕ್ ಗಿಟಾರ್ ಕೊಂಡವರು ‘ಆಕ್ಷನ್ ಜಾಸ್ತಿ ಇದೆ’ ಎಂದರೆ ಸಾಕು, ‘ಟ್ರಸ್ ರಾಡ್ ಟೈಟ್ ಮಾಡಿ, ಇಳಿಯುತ್ತೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಷ್ಟು ಜನ ಹೇಳಿದರೂ ಇದು ತಪ್ಪು ಸಲಹೆಯೇ. ಆಕ್ಷನ್ ಎಂದರೆ ಫ್ರೆಟ್ಟಿನಿಂದ (ತಂತಿಯಡಿಯ ಅಡ್ಡ ಲೋಹದ ಪಟ್ಟಿ) ತಂತಿಗಿರುವ ಎತ್ತರ. ಅದನ್ನು ಏರಿಸಿ ಇಳಿಸಲು ಗಿಟಾರಿನ ಒಡಲ ಮೇಲಿರುವ ಬ್ರಿಜ್‌ನಲ್ಲಿ ಸ್ಯಾಡಲ್ ಎಂಬ ಪುಟ್ಟ ಆಸರೆಗಳಿವೆ. ಟ್ರಸ್ ರಾಡ್ ನೆಕ್‌ನ, ಅಂದರೆ ಗಿಟಾರಿನ ಉದ್ದನೆಯ ಕತ್ತಿನ, ಒಳಗಿರುವ ಸರಳು. ಅದು ನೋಡಿಕೊಳ್ಳುವುದು ನೆಕ್‌ನ ಬಾಗನ್ನು. ಆ ಬಾಗಿನ ಹೆಸರು ರಿಲೀಫ್.

ಟ್ರಸ್ ಕಟ್ಟಡದವರ ಪದ. ಹೆಂಚಿನ ಮಾಡಿಗೂ ಶೀಟಿನ ಶೆಡ್ಡಿಗೂ ನಮ್ಮ ಬಡಗಿಗಳು, ವೆಲ್ಡಿಂಗಿನವರು ಕೂರಿಸುವ ಟ್ರಸ್ಸೇ ಅದು. ಹಳೆಯ ಮರದ ರೈಲು ಬೋಗಿಗಳು ನಡುವೆ ಜಗ್ಗದಿರಲೆಂದು ಅಡಿಯಲ್ಲಿ ಬಿಗಿಯುತ್ತಿದ್ದ ಕಬ್ಬಿಣದ ಸರಳಿಗೂ ಟ್ರಸ್ ರಾಡ್ ಎಂದೇ ಹೆಸರು. ಗಿಟಾರಿನಲ್ಲಿ ಮರವನ್ನು ಬಗ್ಗಿಸುವುದು ತಂತಿ. 10–46 ಸೆಟ್ಟನ್ನು (ಅತಿ ಸಣ್ಣ, ಅತಿ ದಪ್ಪ ತಂತಿಗಳ ಗಾತ್ರ, ಇಂಚಿನ ಸಾವಿರದ ಅಂಶಗಳಲ್ಲಿ) ಮಾಮೂಲಿ ಶ್ರುತಿಗೆ ಏರಿಸಿದರೆ ಆರೂ ತಂತಿಗಳ ಎಳೆತ ಸೇರಿ ಸುಮಾರು 47 ಕೆ.ಜಿ. ಈ ಎಳೆತಕ್ಕೆ ಎದುರಾಗಿ ನೆಕ್ಕಿನೊಳಗೆ ತಿರುಗಿಸಿ ಬಿಗಿಯಬಲ್ಲ ಸರಳನ್ನು ಕೂರಿಸಿದವನು ಗಿಬ್ಸನ್ ಕಂಪನಿಯ ಥಾಡಿಯಸ್ ಮೆಕ್‌ಹ್ಯೂ. ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ಲಿಯೋ ಫೆಂಡರ್ 1950ರ ಮೊದಮೊದಲ ಎಸ್ಕ್ವೈರ್ ಗಿಟಾರುಗಳನ್ನು ಸರಳಿಲ್ಲದೆ ಮಾಡಿದ, ಅದೇ ವರ್ಷ ಸರಳು ಸೇರಿಸಿದ. ನೆಕ್ಕಿನ ಗಟ್ಟಿ ಮೇಪಲ್ ಮರ ಕೂಡ ಬಾಗುತ್ತದೆ.

ಹಾಗಾದರೆ ಟೈಟ್ ಮಾಡಿದಾಗ ತಂತಿ ಇಳಿದಂತೆ ಕಾಣುವುದೇಕೆ? ನೆಕ್ ನೆಟ್ಟಗಾದಾಗ ನಡುಭಾಗದಲ್ಲಿ ತಂತಿ ಅಲ್ಪಸ್ವಲ್ಪ ಹತ್ತಿರ ಬರುತ್ತದೆ, ಅಷ್ಟೇ. ಅದನ್ನೇ ನೆಚ್ಚಿ ಮತ್ತೆ ಮತ್ತೆ ಬಿಗಿದರೆ ನೆಕ್ ಹಿಂದಕ್ಕೆ ಬಾಗಿ, ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ತಂತಿ ಜುಂಯ್‌ಗುಡುತ್ತದೆ. ಆಗ ‘ಫ್ರೆಟ್ ಸರಿಯಿಲ್ಲ’ ಎಂದು ಕಂಪನಿಯನ್ನು ಬೈಯುವುದು ನ್ಯಾಯವಲ್ಲ.

ಅಳೆಯದೆ ರಾಡ್‌ಗೆ ಕೀಲಿ ಹಾಕಬೇಡಿ. ಗಿಟಾರನ್ನು ಶ್ರುತಿ ಮಾಡಿ, ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, 8ನೇ ಫ್ರೆಟ್ಟಿನ ಮೇಲಿನ ಸಂದನ್ನು ಫೀಲರ್ ಗೇಜ್‌ನಿಂದ (ಸಂದಿಗೆ ತೂರಿಸಿ ಅಳೆಯುವ ತೆಳು ಲೋಹದ ಪಟ್ಟಿಗಳು) ನೋಡಿ. ಫ್ರೆಟ್‌ಬೋರ್ಡಿನ ದುಂಡು 9.5 ಇಂಚು ರೇಡಿಯಸ್ಸಿನದಾದ ಫೆಂಡರ್ ಸ್ಟ್ರಾಟ್‌ಗೆ (ಸ್ಟ್ರಾಟೋಕಾಸ್ಟರ್) ಅದು 0.25 ಮಿ.ಮೀ. ಇರಬೇಕು. ಈ ಗೇಜ್‌ಗೆ ಗಿಟಾರ್ ಅಂಗಡಿಯೇ ಆಗಬೇಕಿಲ್ಲ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡುವುದೂ ಇದರಲ್ಲೇ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಸಂದು ಹೆಚ್ಚಿದ್ದರೆ ಬಿಗಿಯಿರಿ, ಕಡಿಮೆಯಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮೀರಬಾರದು. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ ಅಳೆಯಿರಿ. ಆಮೇಲೆ ಸ್ಯಾಡಲ್ ತಿರುಗಿಸಿ 17ನೇ ಫ್ರೆಟ್ಟಿನಲ್ಲಿ ಆಕ್ಷನ್ನನ್ನು 1.6 ಮಿ.ಮೀ.ಗೆ ತನ್ನಿ. ಇಂಟೋನೇಶನ್ (ಎಲ್ಲ ಫ್ರೆಟ್ಟುಗಳಲ್ಲೂ ಸ್ವರ ಸರಿಬರುವಂತೆ ಸ್ಯಾಡಲ್ ಹಿಂದೆ ಮುಂದೆ ಸರಿಸುವುದು) ಕೊನೆಗೆ.

ಅಗ್ಗದ ಗಿಟಾರುಗಳ ನಿಜವಾದ ಫ್ಯಾಕ್ಟರಿ ದೋಷ ಬಹುತೇಕ ನಟ್‌ನಲ್ಲಿ, ಅಂದರೆ ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಸ್ಲಾಟುಗಳಿರುವ ಪಟ್ಟಿಯಲ್ಲಿ, ಇರುತ್ತದೆ. ತಂತಿಯನ್ನು 2 ಮತ್ತು 3ನೇ ಫ್ರೆಟ್ಟುಗಳ ನಡುವೆ ಒತ್ತಿ, ಮೊದಲ ಫ್ರೆಟ್ಟಿನ ಮೇಲೆ ನೋಡಿ. ಕಂಡೂ ಕಾಣದಷ್ಟು ಸಂದಿದ್ದರೆ ಸರಿ. ಕಣ್ಣಿಗೆ ರಾಚುವಷ್ಟಿದ್ದರೆ ಎಫ್ ಕಾರ್ಡ್ ಬೆರಳು ಮುರಿಯುತ್ತದೆ, ಮೊದಲ ಫ್ರೆಟ್ಟುಗಳ ಸ್ವರವೆಲ್ಲ ಏರುತ್ತದೆ. ಟ್ರಸ್ ರಾಡ್ ಇದನ್ನು ಸರಿಮಾಡದು. ತಂತಿಯ ಗಾತ್ರಕ್ಕೆ ತಕ್ಕ ಅರದಿಂದ ಸ್ಲಾಟನ್ನು ಹೆಡ್‌ಸ್ಟಾಕ್ (ಬಿರಡೆಗಳಿರುವ ತುದಿ) ಕಡೆಗೆ ಇಳಿಜಾರಾಗಿ, ಎರಡು ಉಜ್ಜಿಗೊಮ್ಮೆ ನೋಡುತ್ತ ಆಳ ಮಾಡಬೇಕು. ಆಳ ಅತಿಯಾದರೆ ಒತ್ತದೆ ಬಿಟ್ಟ ತಂತಿ ಮೊದಲ ಫ್ರೆಟ್ಟಿಗೆ ತಾಗುತ್ತದೆ, ಹೊಸ ನಟ್ಟೇ ಗತಿ. ಶ್ರುತಿ ಮಾಡುವಾಗ ‘ಟಿಂಗ್’ ಎಂದರೆ ತಂತಿ ಸ್ಲಾಟಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಇದು ತಿಳಿಯದೆ ಲಾಕಿಂಗ್ ಟ್ಯೂನರ್‌ಗೆ (ತಂತಿಯನ್ನು ಕಚ್ಚಿ ಹಿಡಿಯುವ ಬಿರಡೆ) ಸಾವಿರಾರು ರೂಪಾಯಿ ಸುರಿಯುತ್ತಾರೆ. ಶ್ರುತಿ ಮಾತ್ರ ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಫ್ರೆಟ್ ತುದಿಗಳು ಅಂಗೈಗೆ ಚುಚ್ಚುವುದಕ್ಕೂ ಟ್ರಸ್ ರಾಡ್‌ಗೂ ಸಂಬಂಧವಿಲ್ಲ. ಒಣಹವೆಗೆ ಫ್ರೆಟ್‌ಬೋರ್ಡಿನ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಸಣ್ಣ ಅರದಿಂದ ತುದಿಗಳನ್ನು ಉಜ್ಜಿದರಾಯಿತು.

ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಪಾಟ್ (ವಾಲ್ಯೂಮ್, ಟೋನ್ ನಿಯಂತ್ರಕ), ಬ್ರಿಜ್ ಬದಲಿಸುವ ಆಸೆ ಇಷ್ಟೆಲ್ಲ ಮುಗಿದ ಮೇಲಿರಲಿ. ಪಿಕಪ್‌ಗೂ ಮೊದಲು ಎತ್ತರ ಹೊಂದಿಸಿ ನೋಡಿ: ಕೊನೆಯ ಫ್ರೆಟ್ ಒತ್ತಿದಾಗ ಸಿಂಗಲ್ ಕಾಯಿಲ್ ಪಿಕಪ್‌ಗೂ ತಂತಿಗೂ ನಡುವೆ ದಪ್ಪ ತಂತಿಯ ಕಡೆ 2 ಮಿ.ಮೀ., ಸಣ್ಣ ತಂತಿಯ ಕಡೆ 1.6. ಆದರೆ ರಾಡ್ ಪೂರ್ತಿ ಬಿಗಿದರೂ ನೆಕ್ ನೆಟ್ಟಗಾಗದಿದ್ದರೆ, ಅಥವಾ ನೆಕ್ ತಿರುಚಿಕೊಂಡಿದ್ದರೆ, ಅಪ್‌ಗ್ರೇಡ್ ಮಾತೇ ಬೇಡ. ಅಂಗಡಿಯ ವಾಪಸಾತಿ ಅವಧಿ ಮುಗಿಯುವ ಮೊದಲು ಗಿಟಾರನ್ನು ಬಿಲ್ ಸಮೇತ ವಾಪಸ್ ಕೊಡಿ.