ಕೋಲಾರಕ್ಕೆ ಕಾವೇರಿ ಬಂದ ದಾರಿ

ಕಾವೇರಿಯ ಕರೆಂಟು ಕೋಲಾರ ಜಿಲ್ಲೆಗೆ 1902ರಲ್ಲೇ ಬಂತು. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋಗಿದ್ದು ಕೆಜಿಎಫ್‌ನ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು ಆಮೇಲೆ. ಆದರೆ ಕಾವೇರಿಯ ನೀರು ಅದೇ ಜಿಲ್ಲೆಯ ಕೆರೆ ಮುಟ್ಟಲು 2018ರ ಜೂನ್ ಬರಬೇಕಾಯಿತು. ಅದೂ ಬೆಂಗಳೂರಿನ ಅಡುಗೆಮನೆ, ಬಚ್ಚಲು, ಪಾಯಿಖಾನೆಗಳನ್ನೆಲ್ಲ ಹಾದು, ಒಳಚರಂಡಿಯಲ್ಲಿ ಹರಿದು, ಸಂಸ್ಕರಣಾ ಘಟಕದಿಂದ ಹೊರಬಂದ ಮೇಲೆ.

ಇದೇ ಕೆ.ಸಿ. ವ್ಯಾಲಿ ಯೋಜನೆ. ಪೂರ್ತಿ ಹೆಸರು ಕೋರಮಂಗಲ–ಚಲ್ಲಘಟ್ಟ ಕಣಿವೆ. ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಪಂಪ್ ಮಾಡಿ ಕೋಲಾರದ ನೂರಕ್ಕೂ ಹೆಚ್ಚು ಕೆರೆ ತುಂಬಿಸುವ ಲೆಕ್ಕ. ವರ್ಷಕ್ಕೆ ಹಿಡಿದರೆ ಐದೂವರೆ ಟಿಎಂಸಿಗಿಂತ ಜಾಸ್ತಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಇದರ ಜೊತೆಗೆ ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ ದಿನಕ್ಕೆ 21 ಕೋಟಿ ಲೀಟರ್. ನಗರ ಬಳಸಿದ ನೀರಿನಿಂದ ಪಕ್ಕದ ಜಿಲ್ಲೆಯ ಅಂತರ್ಜಲ ಮೇಲೆತ್ತುವ ಕೆಲಸ ಇಷ್ಟು ದೊಡ್ಡದಾಗಿ ನಡೆದಿರುವ ಜಾಗಗಳು ಜಗತ್ತಿನಲ್ಲೇ ಕಡಿಮೆ.

ಇದು ಇಲ್ಲಿಗೆ ಹೇಗೆ ಬಂತು ಅಂತ ತಿಳಿಯಲು ಬೆಂಗಳೂರಿನ ನೆಲ ನೋಡಬೇಕು. ಊರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಇಳಿಯುತ್ತದೆ. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಅದಕ್ಕೇ ಕೆರೆ ಮೇಲೆ ಕೆರೆ ಕಟ್ಟಿದರು. ಅವು ಸಾಲದಾದಾಗ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಪ್ರತಿ ಸಲವೂ ಇನ್ನಷ್ಟು ದೂರ, ಇನ್ನಷ್ಟು ಆಳ. ಈಗ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಏರಿ ಬರುತ್ತದೆ.

ನೀರು ತರುವುದಕ್ಕೆ ಇಷ್ಟೆಲ್ಲ ಯೋಜನೆ ಹಾಕಿದವರು, ಬಳಸಿದ ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಹಳ್ಳಕ್ಕೆ ಬಿಟ್ಟುಬಿಟ್ಟರು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಳಚೆಯಾಗಿ ಹೊರಬೀಳುತ್ತದೆ. ಮಳೆನೀರಿನ ರಾಜಕಾಲುವೆಗಳೇ ಚರಂಡಿಯಾದವು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು, ಅದಕ್ಕೆ ಬೆಂಕಿಯೂ ಹತ್ತಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ ಬಿದ್ದಾಗ ಆರಿಸಲು ಸೈನ್ಯವೇ ಬರಬೇಕಾಯಿತು. ಹಾಗಾಗಿ ಕೆ.ಸಿ. ವ್ಯಾಲಿ ಅಂದರೆ ಬೆಂಗಳೂರು ಕೋಲಾರಕ್ಕೆ ಮಾಡಿದ ಉಪಕಾರ ಅಂತ ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ನಗರಕ್ಕೂ ಈ ನೀರು ಕಳಿಸಲು ಒಂದು ಜಾಗ ಬೇಕಿತ್ತು.

ಈ ದಿಣ್ಣೆ ಕೋರ್ಟಿನಲ್ಲೂ ಆಟವಾಡಿದೆ. 2007ರಲ್ಲಿ ಕಾವೇರಿ ನ್ಯಾಯಮಂಡಳಿ, ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಅಷ್ಟಕ್ಕೇ ನೀರು ಲೆಕ್ಕ ಹಾಕಿತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿ, ಕುಡಿಯುವ ನೀರಿಗೆ ಕಣಿವೆಯ ಗೆರೆ ಎಳೆಯಬಾರದು ಎನ್ನುವ ನಿಲುವು ತಳೆದು, ಬೆಂಗಳೂರಿಗೆ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ನಾಲ್ಕೇ ತಿಂಗಳಲ್ಲಿ ಕೆ.ಸಿ. ವ್ಯಾಲಿಯ ಪಂಪು ಶುರುವಾಯಿತು. ಕಾವೇರಿಯಿಂದ ಎತ್ತಿದ ನೀರು ಬಳಕೆಯಾಗಿ, ಪಿನಾಕಿನಿ ಕಡೆ ಇಳಿದು, ಅಲ್ಲಿಂದ ಮತ್ತೆ ಪಂಪಾಗಿ ಪಾಲಾರ್ ಸೀಮೆಯ ಕೆರೆಗಳಿಗೆ. ಮೂರು ನದಿ ಕಣಿವೆ ಸುತ್ತುವ ನೀರು!

ಕೋಲಾರದ ಕಥೆಯೂ ಕೆರೆಗಳದ್ದೇ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಸೀಮೆಯನ್ನು ಸಾವಿರಾರು ಕೆರೆಗಳು ಸಾಕಿದ್ದವು. ಬೋರ್‌ವೆಲ್ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಹೂಳು ತುಂಬಿತು, ಜಾಲಿ ಬೆಳೆಯಿತು, ಕಾಲುವೆ ಒತ್ತುವರಿಯಾಯಿತು. ಬೋರ್‌ವೆಲ್ ಸಾವಿರದೈನೂರು ಅಡಿಗೆ ಇಳಿಯಿತು. ಸಿಕ್ಕ ನೀರಲ್ಲೂ ಫ್ಲೋರೈಡ್. ಶಾಶ್ವತ ನೀರಾವರಿಗಾಗಿ ಜನ ವರ್ಷಗಟ್ಟಲೆ ಬೀದಿಗಿಳಿದರು. ಅದಕ್ಕೆ ಸರ್ಕಾರ ಕೊಟ್ಟ ಉತ್ತರ ಎತ್ತಿನಹೊಳೆ: ಪಶ್ಚಿಮ ಘಟ್ಟದಿಂದ 24 ಟಿಎಂಸಿ. ಅದರ ಮೊದಲ ಹಂತ ಸಕಲೇಶಪುರದ ಬಳಿ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕೊಳಚೆ ನೀರು ಅದಕ್ಕಿಂತ ಆರು ವರ್ಷ ಮೊದಲೇ ಬಂದಿತ್ತು.

ಕೆ.ಸಿ. ವ್ಯಾಲಿಯಲ್ಲಿ ನನಗೆ ಜಾಣತನ ಅನ್ನಿಸುವುದು ಪಂಪು, ಪೈಪು ಅಲ್ಲ. ಲಕ್ಷ್ಮೀಸಾಗರ ಕೆರೆಯವರೆಗೆ ನೀರು ಪಂಪಾಗುತ್ತದೆ. ಅಲ್ಲಿಂದ ಮುಂದೆ ಬಹುಪಾಲು ಹಳೆಯ ವ್ಯವಸ್ಥೆಯದೇ ಕೆಲಸ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೊಂದಕ್ಕೆ. ಈ ಕೆರೆ ಸರಣಿ ಕಟ್ಟಿದವರಿಗೆ ಕೊಳಚೆ ಸಂಸ್ಕರಣಾ ಘಟಕ ಗೊತ್ತಿರಲಿಲ್ಲ, ಇಳಿಜಾರು ಗೊತ್ತಿತ್ತು. ಹೊಸದಾಗಿ ಇಷ್ಟು ಉದ್ದದ ಕಾಲುವೆ ಜಾಲ ಮಾಡಲು ಹೊರಟಿದ್ದರೆ ಜಮೀನು ಸ್ವಾಧೀನದಲ್ಲೇ ಎಷ್ಟು ವರ್ಷ ಕಳೆಯುತ್ತಿತ್ತೋ!

ಜಗಳ ಇರುವುದು ನೀರಿನ ಗುಣದಲ್ಲಿ. 2018ರ ಜುಲೈನಲ್ಲಿ ಲಕ್ಷ್ಮೀಸಾಗರಕ್ಕೂ ನೊರೆ ಬಂತು. ಹೈಕೋರ್ಟ್ ನೀರು ನಿಲ್ಲಿಸಿತು, ಆಮೇಲೆ ಬಿಡಲು ಒಪ್ಪಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಏಪ್ರಿಲ್‌ನಲ್ಲಿ ತೆರವು ಮಾಡಿತು. ಹೋರಾಟಗಾರರ ಬೇಡಿಕೆ ಒಂದೇ: ಮೂರನೇ ಹಂತದ ಶುದ್ಧೀಕರಣ.

ಮೊದಲ ಹಂತದಲ್ಲಿ ಕಸ, ಮರಳು, ತಳಕ್ಕೆ ಕೂರುವ ಗಷ್ಟು ಹೋಗುತ್ತದೆ. ಎರಡನೆಯದರಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ, ಅವು ಕೊಳೆ ತಿನ್ನುತ್ತವೆ. ಕೋಲಾರಕ್ಕೆ ಬರುವುದು ಇಲ್ಲಿವರೆಗೆ ಶುದ್ಧವಾದ ನೀರು. ಉಳಿದ ಸಾರಜನಕ, ರಂಜಕ, ರೋಗಾಣುಗಳಿಗೆ ಮೂರನೇ ಹಂತ ಬೇಕು. ಕಾರ್ಖಾನೆಯ ಲೋಹ ಚರಂಡಿಗೆ ಸೇರಿದರೆ ಅದು ಇನ್ನೊಂದು ತಲೆನೋವು. ಸರ್ಕಾರದ ವಾದ ಏನೆಂದರೆ, ಈ ನೀರು ಕುಡಿಯಲಿಕ್ಕಲ್ಲ, ನೇರವಾಗಿ ಹೊಲಕ್ಕೂ ಅಲ್ಲ. ಕೆರೆಯಲ್ಲಿ ನಿಂತು ಇಂಗಲಿ, ಮಣ್ಣೇ ಸೋಸುತ್ತದೆ.

ಈ ವಾದ ಪೂರ್ತಿ ಸುಳ್ಳಲ್ಲ. ಇಸ್ರೇಲಿನ ಶಾಫ್ದಾನ್‌ನಲ್ಲಿ ಟೆಲ್ ಅವೀವ್ ಸುತ್ತಲಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಮರಳಿನಲ್ಲಿ ಇಂಗಿಸುತ್ತಾರೆ. ತಿಂಗಳುಗಳ ನಂತರ ಸುತ್ತಲ ಬಾವಿಗಳಿಂದ ಎತ್ತಿ ನೆಗೆವ್ ಮರುಭೂಮಿಯ ಹೊಲಕ್ಕೆ ಕೊಡುತ್ತಾರೆ. ಆದರೆ ಅಲ್ಲಿನ ಕೊಳಗಳನ್ನು ಸರದಿಯಂತೆ ತುಂಬಿಸಿ ಒಣಗಿಸುತ್ತಾರೆ. ಎತ್ತಿದ ನೀರು ಬೇರೆಯೇ ಪೈಪಿನಲ್ಲಿ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಮರಳು. ಕೋಲಾರದ್ದು ಕಲ್ಲು. ಮೇಲಿನ ಮಣ್ಣು, ನುರುಜು ಸ್ವಲ್ಪ ಸೋಸೀತು, ಕೆಳಗಿನ ಬಂಡೆಯ ಬಿರುಕು ಸೋಸುವುದಿಲ್ಲ. ಇಂಗಿದ ನೀರು ಸೇರುವ ಅದೇ ಅಂತರ್ಜಲದಿಂದ ಊರಿನವರು ಕುಡಿಯುವ ಬೋರ್‌ವೆಲ್ ನೀರೂ ಬರುತ್ತದೆ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2008ರಿಂದ ಬಳಸಿದ ನೀರನ್ನು ಅಂತರ್ಜಲಕ್ಕೆ ಸೇರಿಸುತ್ತಿದ್ದಾರೆ, ಆದರೆ ಮೊದಲು ಆರ್‌ಒ (ಒತ್ತಡ ಹಾಕಿ ತೆಳು ಪೊರೆಯಲ್ಲಿ ಸೋಸುವ ವಿಧಾನ) ದಾಟಿಸಿ. ಖರ್ಚು ಜಾಸ್ತಿ. ಆದರೆ ಆ ಖರ್ಚು ಯಾರ ಮೇಲೆ ಬೀಳಬೇಕು? ಕೊಳೆ ಮಾಡಿದ ಊರಿನ ನೀರಿನ ಬಿಲ್ಲಿನ ಮೇಲೆ ಅಂತ ನಾನು ಹೇಳುತ್ತೇನೆ.

ಫಲ ಕಂಡಿದ್ದಂತೂ ನಿಜ. ಕೆರೆ ತುಂಬಿದ ಕಡೆ ಅಂತರ್ಜಲ ಮೇಲೆ ಬಂತು, ಒಣಗಿದ್ದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂತು. ಕೆರೆಗಳಿಗೆ ಬಾಗಿನ ಅರ್ಪಿಸಿದರು. ನಿಯಮದ ಪ್ರಕಾರ ಕೆರೆಗೆ ಮೋಟಾರ್ ಇಟ್ಟು ನೀರೆತ್ತುವಂತಿಲ್ಲ. ಕಣ್ಣೆದುರು ನೀರಿರುವಾಗ ಟೊಮೆಟೊ ಒಣಗಲಿ ಅಂತ ಎಷ್ಟು ಜನ ಬಿಟ್ಟಾರು? ರಾತ್ರಿ ಮೋಟಾರ್ ಓಡುತ್ತದೆ ಅನ್ನುವ ದೂರು ಹೊಸದೇನಲ್ಲ. ಆ ಟೊಮೆಟೊ, ಸೊಪ್ಪು, ಹಾಲು ಬೆಂಗಳೂರಿಗೇ ಬರುತ್ತದೆ. ಶುದ್ಧೀಕರಣ ಕೋಲಾರದವರ ಚಿಂತೆ ಅಂದುಕೊಂಡವರು ಸಂಜೆ ಮಾರ್ಕೆಟ್ಟಿನಲ್ಲಿ ತಮ್ಮ ಚೀಲ ನೋಡಿಕೊಳ್ಳಬಹುದು.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ದಾರಿ ತೆರೆಯಿತು. ಅಷ್ಟು ಬಂದರೆ ಅದಕ್ಕೆ ತಕ್ಕಂತೆ ಕೊಳಚೆಯೂ ಹೆಚ್ಚುತ್ತದೆ, ಅಲ್ವಾ? ಈಗ ವೃಷಭಾವತಿ ಕಣಿವೆಯ ನೀರನ್ನು ನೆಲಮಂಗಲದ ಕಡೆಯ ಕೆರೆಗಳಿಗೆ ಒಯ್ಯುವ ಯೋಜನೆ ಬಂದಿದೆ. ಪೀಣ್ಯದ ಕಾರ್ಖಾನೆಗಳ ಹಳ್ಳವೂ ಅದೇ ವೃಷಭಾವತಿಗೆ ಸೇರುತ್ತದೆ. ಕೋಲಾರವನ್ನು ನೋಡಿದ ಅಲ್ಲಿನ ಜನ ಮೊದಲೇ ಕೇಳುತ್ತಿದ್ದಾರೆ: ಎರಡು ಹಂತವೋ, ಮೂರೋ?